ಮಾರೆಕ್ಕ ಹಾಕಿದ ಗುರುತು

ಖಾದಿ ಅಂಗಿ ವರ್ಷಗಟ್ಟಲೆ ಟ್ರಂಕಿನಲ್ಲಿದ್ದರೆ ಅದಕ್ಕೊಂದು ವಾಸನೆ ಬರುತ್ತದೆ. ಬೇವಿನೆಲೆ, ಹಳೆಯ ಗಂಜಿ, ತಗಡಿನ ತುಕ್ಕು ಮೂರೂ ಬೆರೆತದ್ದು. ಮೊನ್ನೆ ಬಳ್ಳಾರಿಯ ನಮ್ಮ ಬಾಡಿಗೆ ಮನೆಯಲ್ಲಿ ಟ್ರಂಕಿನ ಮುಚ್ಚಳ ತೆಗೆದಾಗ ಆ ವಾಸನೆ ಮೂಗಿಗೆ ಬಡಿಯಿತು. ನನಗೆ ಹೆಮ್ಮೆಯಾಯಿತು. ನಗಬೇಡಿ, ಹೆಮ್ಮೆಯೇ.

ಆದೋನಿಯಿಂದ ಕಾಗದ ಬಂದಿತ್ತು. ಸ್ವಾತಂತ್ರ್ಯ ಬಂದ ಮೇಲೆ ಊರೂರಲ್ಲೂ ಸನ್ಮಾನಗಳು ನಡೆಯುತ್ತಿವೆಯಲ್ಲ, ಹಾಗೆ ಅಲ್ಲಿ ಹತ್ತಿ ಗಿರಣಿಯ ಸಾವ್ಕಾರ ರುದ್ರಪ್ಪನವರಿಗೆ ಸನ್ಮಾನವಂತೆ. ‘ಹಳೆಯ ಹೋರಾಟಗಾರರು, ಈ ಸೀಮೆಯಲ್ಲಿ ಪಕ್ಷಕ್ಕೆ ಮರುಹುಟ್ಟು ಕೊಟ್ಟವರು. ಆ ದಿನಗಳನ್ನು ಕಂಡ ತಾವು ಬಂದು ನಾಲ್ಕು ಮಾತಾಡಬೇಕು’ ಎಂದು ಬರೆದಿದ್ದರು. ಓದಿ ಮೈ ಉರಿಯಿತು. ಬರುತ್ತೇನೆಂದು ಆ ದಿನವೇ ಉತ್ತರ ಹಾಕಿದೆ. ನಾಲ್ಕು ಮಾತೇ ಆಡುವುದು, ಆದರೆ ಅವರು ಕೇಳಬೇಕಾದ ನಾಲ್ಕು ಮಾತು. ನನ್ನ ಸೋದರಮಾವ ಈರಣ್ಣನಿಗೆ ಆದ ಅನ್ಯಾಯವನ್ನು ಆ ಹಾರಗಳ ನಡುವೆಯೇ ಹೇಳಿಬಿಡುವುದು. ಅಂದು ಮಾವನ ಪಕ್ಕದಲ್ಲಿ ಕೂತಾಗ ತೊಟ್ಟಿದ್ದ ಅಂಗಿಯನ್ನೇ ತೊಟ್ಟು ಹೇಳುವುದು. ಮಾವ ತಾನೇ ನೂತ ನೂಲಿನ ಅಂಗಿ ಅದು. ಹಾಗೆಂದು ಹೆಂಡತಿಗೆ ಹತ್ತು ಸಲವಾದರೂ ಹೇಳಿದ್ದೆ.

ಅವಳು ಅಂಗಿ ಕೊಡವಿ ಬೆಳಕಿಗೆ ಹಿಡಿದಳು. “ಏನ್ರಿ, ಇದು ಯಾರ ಅಂಗಿ? ಗುರುತು ನಮ್ಮ ಮನಿದಲ್ಲ” ಎಂದಳು.

ಕಾಲರಿನ ಒಳಮಗ್ಗುಲಲ್ಲಿ ಅಗಸರು ಕೇರುಬೀಜದ ರಸದಿಂದ ಹಾಕುವ ಕರಿ ಗುರುತಿತ್ತು. ನಮ್ಮ ಮನೆಯದು ಒಂದು ಗೀಟು, ಅದರ ಮೇಲೆ ಎರಡು ಚುಕ್ಕಿ. ನಮ್ಮ ಹಳೆಯ ಹಚ್ಚಡಗಳ ಮೇಲೆಲ್ಲ ಅದೇ ಇದೆ. ಇದರಲ್ಲಿ ಮೂರು ಗೀಟು, ಪಕ್ಕದಲ್ಲೊಂದು ಚುಕ್ಕಿ. ಅದು ಯಾರ ಮನೆಯದೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಹೆಂಡತಿಗೆ ಮಾತ್ರ ಆಗಲೇ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಆದರೆ ಮೊದಲಿನಿಂದ ಹೇಳಬೇಕು.

ಯುದ್ಧಕ್ಕೆ ಮುಂಚಿನ ಮಾತು. ಶಾಸನಸಭೆಗಳೆಲ್ಲ ಮೋಸವೆಂದು ಹೊರಗುಳಿದು, ಉಪ್ಪಿನ ಸತ್ಯಾಗ್ರಹ ಮಾಡಿ ಜೈಲು ತುಂಬಿದ್ದ ಪಕ್ಷ ಪ್ರಾಂತ್ಯದ ಚುನಾವಣೆಗೆ ಮತ್ತೆ ಇಳಿಯುವುದೆಂದು ಠರಾವಾಯಿತು. ಕೂಡಲೇ ಪ್ರತಿ ಊರಲ್ಲೂ ಪಕ್ಷ ಎರಡಾಯಿತು. ಪತ್ರಿಕೆಗಳು ಅವರನ್ನು ಮಂದಗಾಮಿಗಳು, ತೀವ್ರಗಾಮಿಗಳು ಎಂದು ಕರೆದವು. ಆದೋನಿಯ ಹತ್ತಿಪೇಟೆಯವರ ಬಾಯಲ್ಲಿ ಅದೇ ಮೆತ್ತನ ಮಂದಿ, ಗಟ್ಟಿ ಮಂದಿ ಎಂದಾಯಿತು. ಮೆತ್ತನ ಮಂದಿಗೆ ಹಿರಿಯರು ವಕೀಲ ಶ್ರೀಪಾದರಾಯರು. ನಾನು ಮದರಾಸಿನಲ್ಲಿ ಬಿ.ಎ. ಮುಗಿಸಿ ಬಂದು ಅವರ ಆಫೀಸಿನಲ್ಲೇ ಕಡತ ಜೋಡಿಸುತ್ತ, ದೊಡ್ಡ ದೊಡ್ಡ ಮಾತಾಡುತ್ತ ಕೂತಿದ್ದೆ. ಗಟ್ಟಿ ಮಂದಿಗೆ ಈರಣ್ಣ ಮಾವ. ಉರುಕುಂದದ ಕಡೆಯ ಕುರಿ ಸಾಕುವವರ ಮನೆಯವನು. ಕಂಬಳಿ ನೇಯುತ್ತಿದ್ದವನು ಚರಕ ಹಿಡಿದು, ಸೇಂದಿ ಅಂಗಡಿಯ ಮುಂದೆ ಅಡ್ಡ ಮಲಗಿ ಆರು ತಿಂಗಳು ಜೈಲು ಕಂಡಿದ್ದ. ಆ ಆರು ತಿಂಗಳನ್ನು ವಿಧಿಸಿದ, ಸರಕಾರ ಗೌರವಕ್ಕೆ ನೇಮಿಸಿದ್ದ ಬೆಂಚ್ ಮ್ಯಾಜಿಸ್ಟ್ರೇಟರು ಬೇರೆ ಯಾರೂ ಅಲ್ಲ, ಸಾವ್ಕಾರ ರುದ್ರಪ್ಪನವರು.

ಈಗ ವಕೀಲರು ಪಕ್ಷದ ಅಭ್ಯರ್ಥಿಯಾಗಿ ಎತ್ತಿ ಹಿಡಿದದ್ದು ಆ ರುದ್ರಪ್ಪನವರನ್ನೇ.

“ಗೆಲ್ಲೋ ಕುದುರಿ ಬೇಕೋ, ಜೈಲು ಕಂಡ ಕುದುರಿ ಬೇಕೋ?” ಎಂದು ವಕೀಲರು ಕೇಳುತ್ತಿದ್ದರು. ಅವರ ವಾದದಲ್ಲಿ ಹುರುಳಿರಲಿಲ್ಲವೆಂದು ಹೇಳಲಾರೆ. ಭೂಮಿ ಕಂದಾಯ ಕಟ್ಟುವವರಿಗೆ, ಓದು ಬಲ್ಲವರಿಗೆ ಮಾತ್ರ ಮತವಿದ್ದ ಕಾಲ. ಅಂಥವರಲ್ಲಿ ಅರ್ಧಕ್ಕರ್ಧ ಮಂದಿ ರುದ್ರಪ್ಪನವರ ಗಿರಣಿಗೆ ಹತ್ತಿ ಹಾಕುವವರು. ಆದರೆ ನಿಮ್ಮನ್ನು ಜೈಲಿಗಟ್ಟಿದವನಿಗೇ ನೀವು ಮನೆಮನೆಗೆ ಹೋಗಿ ಮತ ಕೇಳಬೇಕು ಎಂದರೆ? ಮಾವನಿಗೆ ಬಂದ ಗತಿ ಅದು. ಅವನು ತನಗೆ ಸ್ಥಾನ ಕೇಳಲಿಲ್ಲ. “ನನ್ನ ನಿಲ್ಲಸಬ್ಯಾಡ್ರಿ. ಯಾರನಾರ ನಿಲ್ಲಸ್ರಿ, ಈತನ್ನ ಒಬ್ಬನ್ನ ಬಿಟ್ಟು” ಎಂದಷ್ಟೇ ಕೇಳಿದ್ದ.

ತಾಲೂಕು ಸಮಿತಿ ಕೈ ಎತ್ತಿ ತೀರ್ಮಾನಿಸಬೇಕಿತ್ತು. ದಿನನಿತ್ಯ ಖಾದಿ ಉಡುವವರಿಗೆ ಮಾತ್ರ ಕೈ ಎತ್ತುವ ಹಕ್ಕು ಎಂದು ಪಕ್ಷದ ನಿಯಮ. ಮೆತ್ತನ ಮಂದಿಯಲ್ಲಿ ಖಾದಿ ಉಡುವವರು ಕಡಿಮೆ. ಗಿರಣಿ ಊರಿನಲ್ಲಿ ಮಿಲ್ಲಿನ ನಯವಾದ ಮಲ್ಲು ಪಂಚೆಗೇನು ಬರ? ರುದ್ರಪ್ಪನವರು ಒಂದು ಗಂಟು ಖಾದಿ ಅಂಗಿ ಹೊಲಿಸಿದರು. ಹೊಸದು ಹೊಸದೆಂದು ಕಾಣಬಾರದಲ್ಲ, ಅದಕ್ಕೆ ಒಮ್ಮೆ ಒಗೆಸೋಣವೆಂದು ವಕೀಲರಿಗೆ ಹೊಳೆಯಿತು. ಇಲ್ಲೇ ನೋಡಿ ಬುದ್ಧಿವಂತರು ಎಡವಿದ್ದು. ಗಂಟು ಹೋದದ್ದು ಅಗಸರ ಮಾರೆಕ್ಕನ ಮನೆಗೆ. ಸಾವ್ಕಾರರ ಮನೆಯಿಂದ ಬಂದ ಬಟ್ಟೆಗೆ ಆಕೆ ಸಾವ್ಕಾರರ ಮನೆಯ ಗುರುತು ಹಾಕದೆ ಇನ್ನೇನು ಹಾಕಿಯಾಳು? ಹಾಕಿದಳು, ಒಂದನ್ನೂ ಬಿಡದೆ. ಆಮೇಲೆ ಮಾವನ ಪಂಚೆ ತಂದುಕೊಟ್ಟಾಗ, “ಏನ್ರಿ ಈರಣ್ಣ, ಸಾವ್ಕಾರ್ರು ಮಠ ಕಟ್ಟಾರೇನು? ಒಂದ್ ಗಾಡಿ ಖಾದಿ ಒಗಿಯಾಕ ಕಳಿಸ್ಯಾರ!” ಎಂದು ನಕ್ಕಳು.

ಸಭೆ ನಡೆದದ್ದು ಒಂದು ಛತ್ರದಲ್ಲಿ, ಬೆಳಿಗ್ಗೆ ಹತ್ತರ ಬಿಸಿಲಲ್ಲಿ. ಅಂಗಳದಲ್ಲಿ ಹುಣಸೆಮರವಿತ್ತು. ನನ್ನ ತಮ್ಮ ಬೇವಿನಮರ ಎನ್ನುತ್ತಾನೆ. ಈ ವಿಷಯಕ್ಕೆ ನಾವಿಬ್ಬರು ಒಮ್ಮೆ ಮಾತು ಬಿಟ್ಟಿದ್ದೂ ಉಂಟು. ಎರಡು ವರ್ಷದ ಹಿಂದೆ ಹೋಗಿ ನೋಡಿದೆ. ಅಲ್ಲಿ ಮರವೇ ಇಲ್ಲ, ಇದ್ದದ್ದು ನೆನಪಿಲ್ಲವೆಂದು ಕಾವಲಿನವನು ಹೇಳಿದ. ಕಾಲೇಜಿನಲ್ಲಿ ಹುಡುಗರಿಗೆ ‘ಪುರಾವೆ ಇಲ್ಲದೆ ನಂಬಬೇಡಿ’ ಎಂದು ಪಾಠ ಹೇಳುವ ನಾನು ಒಂದು ಮರಕ್ಕಾಗಿ ತಮ್ಮನ ಮೇಲೆ ಹರಿಹಾಯ್ದಿದ್ದೆ. ನನ್ನ ನೆನಪಿನ ಬೆಲೆ ಎಷ್ಟೆಂದು ನೀವೇ ಅಂದಾಜು ಮಾಡಿಕೊಳ್ಳಿ. ಆದರೆ ಆಡಿದ ಮಾತುಗಳು ಕಿವಿಯಲ್ಲೇ ಇವೆ.

ಮಾವ ಎದ್ದು ನಿಂತ. “ವಕೀಲ್ರ, ದಿನಾ ಖಾದಿ ಉಡೋರಷ್ಟೇ ಕೈ ಎತ್ತಬೇಕು, ಹೌದಲ್ರಿ?”

“ಯಾರು ಅಲ್ಲ ಅಂದ್ರು ಈರಣ್ಣ? ಎಲ್ಲಾರೂ ಖಾದಿನೇ ತೊಟ್ಟಾರ, ನೋಡು ಬೇಕಾದ್ರ.”

“ಇವತ್ತು ತೊಟ್ಟಾರ. ನಿನ್ನೆ ಏನ್ ತೊಟ್ಟಿದ್ರು ಅಂತ ಹೇಳಾಕಿ ಹೊರಗ ನಿಂತಾಳ. ಬಾ ಮಾರೆಕ್ಕ.”

ಮಾರೆಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. “ನಂಗ ಅಕ್ಷರ ಬರಂಗಿಲ್ರಿ. ಅರಿಬಿ ನೋಡಿ ಮನಿ ಹೇಳ್ತೀನಿ, ಅಷ್ಟೇ” ಎಂದಳು. ಸಾಲಿನ ಹಿಂದೆ ನಿಂತು ಒಬ್ಬೊಬ್ಬರ ಕಾಲರು ತಿರುವತೊಡಗಿದಳು. “ಇದು ಸಾವ್ಕಾರ್ರ ಮನಿದು. ಇದೂ ಸಾವ್ಕಾರ್ರ ಮನಿದು. ಅಯ್ಯ, ಇದೂ! ಸಾವ್ಕಾರ್ರ, ನಿಮಗ ಇಷ್ಟು ಮಂದಿ ತಮ್ಮಂದ್ರು ಅದಾರಂತ ನಂಗ ಗೊತ್ತೇ ಇದ್ದಿಲ್ಲ ಬಿಡ್ರಿ!”

ಕಾಲರು ತಿರುವಿಸಿಕೊಂಡವರೂ ನಕ್ಕುಬಿಟ್ಟರು. ಸಿಟ್ಟು ಬಂದರೆ ರುದ್ರಪ್ಪನವರು ತೆಲುಗಿಗೆ ಹೊರಳುತ್ತಿದ್ದರು. “ಏಯ್, ನೀಕೆಂದುಕೇ ಇದಂತಾ?” ಎಂದು ಗದರಿದರು.

“ನಂಗ್ಯಾಕ ಅಂದ್ರ? ಒಗದಾಕಿ ನಾನಲ್ಲೇನ್ರಿ?” ಎಂದಳು ಮಾರೆಕ್ಕ.

ಹಾಗೆ ಬರುತ್ತ ಬರುತ್ತ ನನ್ನ ಹತ್ತಿರ ಬಂದಳು. ನನ್ನ ಕುತ್ತಿಗೆಯ ಹಿಂದೆ ಆಕೆಯ ಬೆರಳು ತಣ್ಣಗಿದ್ದವು, ಬಟ್ಟೆ ಒಗೆಯುವ ಸವಳು ಮಣ್ಣಿನಿಂದ ಒರಟಾಗಿದ್ದವು. ಅವು ಒಂದು ಗಳಿಗೆ ನಿಂತವು. ಆಕೆ ಮಾವನ ಮುಖ ನೋಡಿದಳು. ಆಮೇಲೆ ಕಾಲರು ಮಡಚಿ, ಮೇಲೊಮ್ಮೆ ತಟ್ಟಿ, “ಇದು ನಿಮ್ಮ ಅಳಿಯಂದು. ಸರಿ ಐತಿ” ಎಂದಳು.

ಆ ‘ಸರಿ ಐತಿ’ಯ ಮೇಲೆ ನಾನು ಇಷ್ಟು ವರ್ಷ ಬದುಕಿದ್ದೇನೆ. ವಿಶ್ವವಿದ್ಯಾಲಯ ಕೊಟ್ಟ ಪದವಿಪತ್ರ ಎಲ್ಲಿದೆಯೋ ಗೊತ್ತಿಲ್ಲ, ಮಾರೆಕ್ಕ ಕೊಟ್ಟ ಪ್ರಮಾಣಪತ್ರ ಮಾತ್ರ ಎದೆಯಲ್ಲಿಟ್ಟುಕೊಂಡಿದ್ದೆ.

ವಕೀಲರು ಕನ್ನಡಕ ಒರೆಸಿಕೊಂಡು ತೀರ್ಪು ಹೇಳಿದರು. “ಈಕಿ ಸದಸ್ಯಳಲ್ಲ, ಈಕಿ ಮಾತು ಲೆಕ್ಕಕ್ಕ ಬರಂಗಿಲ್ಲ. ಇನ್ನ ನಿಯಮದಾಗ ಖಾದಿ ಉಡಬೇಕು ಅಂತೈತಿ, ಯಾರ ಮನಿ ಖಾದಿ ಅಂತ ಇಲ್ಲ. ದಿನಾ ಉಡೋದು ಅಂದ್ರ ಒಂದ್ ದಿನ ಸುರು ಆಗಬೇಕಲ್ಲ? ಇವರದು ಇವತ್ತು ಸುರು ಆಗೈತಿ.”

ಆ ಮಾತಿಗೂ ನಕ್ಕರು. ಅದೇ ಬಾಯಿಗಳು, ಅದೇ ನಗು. ಇವತ್ತಿಗೂ ನನ್ನ ಹೊಟ್ಟೆ ಉರಿಸುವುದು ಆ ಎರಡನೆಯ ನಗು. ಕಳ್ಳ ಅಂಗಿ ತೊಟ್ಟದ್ದನ್ನು ಬೇಕಾದರೆ ಕ್ಷಮಿಸಬಹುದು. ಸಿಕ್ಕಿಬಿದ್ದ ಮೇಲೂ ನಾಚಿಕೆಪಡದೆ, ಅದನ್ನೇ ಜಾಣತನವೆಂದು ಚಪ್ಪಾಳೆ ತಟ್ಟಿಕೊಂಡರಲ್ಲ!

ಎರಡೇ ಕೈಗಳ ಅಂತರದಲ್ಲಿ ಮಾವನ ಮಾತು ಸೋತಿತು. ಹೊರಗೆ ಬಂದಾಗ, “ಪಕ್ಷ ಬಿಟ್ಟುಬಿಡು ಮಾವ” ಎಂದೆ. “ಬಿಟ್ಟು ಎಲ್ಲಿ ಹೋಗ್ಲೋ? ಪಕ್ಷ ಏನು ಅವರಪ್ಪಂದೇನು?” ಎಂದ. ಮಾರನೆಯ ವಾರದಿಂದಲೇ ನಂದವರಂ, ಪತ್ತಿಕೊಂಡ ಎಂದು ಆ ಸಾವ್ಕಾರರಿಗಾಗಿಯೇ ಊರೂರು ನಡೆದ. ಆಗ ಒಂದೊಂದು ಪಕ್ಷಕ್ಕೆ ಒಂದೊಂದು ಬಣ್ಣದ ಮತಪೆಟ್ಟಿಗೆ, ನಮ್ಮದು ಹಳದಿ. ಮಾವ ಎಲ್ಲಿ ಹೋದರೂ, “ಹಳದಿ ಪೆಟ್ಟಿಗ್ಯಾಗ ಹಾಕ್ರೆಪ್ಪ” ಎನ್ನುತ್ತಿದ್ದ. ನಿಂತವರು ಯಾರು ಎಂದು ಯಾರಾದರೂ ಕೇಳಿದರೆ, “ಹಳದಿ ನಿಂತೈತಿ” ಎನ್ನುತ್ತಿದ್ದ. ರುದ್ರಪ್ಪ ಎಂಬ ಹೆಸರು ಅವನ ಬಾಯಿಂದ ಕೊನೆಯವರೆಗೂ ಹೊರಡಲಿಲ್ಲ. ಹಳದಿ ಗೆದ್ದಿತು. ಗೆದ್ದ ದಿನ ಸಾವ್ಕಾರರು ಮೋಟಾರಿನಲ್ಲಿ ನಿಂತು ಕೈ ಮುಗಿಯುತ್ತ ಹೋದರು. ಮಾವ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕಂಬಳಿ ನೇಯುತ್ತಿದ್ದ. ಯುದ್ಧದ ಕೊನೆಯ ವರ್ಷ ಚಳಿಜ್ವರದಲ್ಲಿ ತೀರಿಕೊಂಡ.

ಮಾರೆಕ್ಕ ಬಟ್ಟೆ ಒಗೆಯುತ್ತಿದ್ದ ಮನೆಗಳು ಒಂದೊಂದಾಗಿ ಬಿಟ್ಟುಹೋದವು. ಮೊದಲು ಸಾವ್ಕಾರರದು, ಆಮೇಲೆ ವಕೀಲರದು, ಆಮೇಲೆ ಅಂದು ನಕ್ಕವರೆಲ್ಲರದು. ಆ ಚುನಾವಣೆಯಲ್ಲಿ ಶಿಕ್ಷೆಯಾದದ್ದು ಆಕೆ ಒಬ್ಬಳಿಗೆ, ಅದೂ ಮತವೇ ಇಲ್ಲದವಳಿಗೆ. ಆಕೆ ಎಮ್ಮಿಗನೂರಿಗೆ ಹೋಗಿ ಮಗಳ ಮನೆ ಸೇರಿಕೊಂಡಳೆಂದು ಕೇಳಿದೆ. ನಾನು ಹೋಗಿ ನೋಡಲಿಲ್ಲ.

ಇಷ್ಟನ್ನೂ ಸನ್ಮಾನದ ಸಭೆಯಲ್ಲಿ ಅವರ ಮುಖಕ್ಕೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಹೆಂಡತಿ ಅಂಗಿಯನ್ನು ಬೆಳಕಿಗೆ ಹಿಡಿದಳು. ಮೂರು ಗೀಟು, ಪಕ್ಕದಲ್ಲೊಂದು ಚುಕ್ಕಿ. ಅಂದು ಛತ್ರದಲ್ಲಿ ಸಾಲುಸಾಲಾಗಿ ಕಂಡಿದ್ದ ಸಾವ್ಕಾರರ ಮನೆಯ ಗುರುತು.

ತಪ್ಪಿಸಿಕೊಳ್ಳುವ ದಾರಿಯನ್ನೆಲ್ಲ ಹುಡುಕಿದೆ, ಸುಳ್ಳೇಕೆ ಹೇಳಲಿ? ಒಗೆತದಲ್ಲಿ ಅಂಗಿ ಅದಲುಬದಲಾಗಿರಬಹುದು. ಆದರೆ ಮಾರೆಕ್ಕ ಎಂದಾದರೂ ಬಟ್ಟೆ ಬದಲು ಮಾಡಿದ್ದನ್ನು ನಮ್ಮ ಅವ್ವನೂ ಕಂಡವಳಲ್ಲ. ಬೇರೆ ಯಾರೋ ಬಿಟ್ಟುಹೋದ ಅಂಗಿಯಾಗಿರಬಹುದು. ಆದರೆ ಎಡಮೊಳಕೈ ಹತ್ತಿರ ವಕೀಲರ ಆಫೀಸಿನ ನೇರಳೆ ಮಸಿ ಇದೆ, ಅಲ್ಲಿ ಎಡಗೈಯಲ್ಲಿ ಬರೆಯುತ್ತಿದ್ದವನು ನಾನೊಬ್ಬನೇ. ಮದರಾಸಿನಿಂದ ಮಿಲ್ ಬಟ್ಟೆ ತೊಟ್ಟು ಬಂದವನಿಗೆ ಖಾದಿ ಅಂಗಿ ಎಲ್ಲಿಂದ ಬರಬೇಕು? ಮಾವ ನೂತ ನೂಲು ಎಂಬ ಕಥೆಯನ್ನು ಯಾವ ವರ್ಷ ಕಟ್ಟಿದೆ, ಯಾವ ವರ್ಷದಿಂದ ನಂಬತೊಡಗಿದೆ, ಅದೂ ತಿಳಿಯದು. ಕೈ ಎತ್ತಿದ್ದು ನೆನಪಿದೆ, ಗಂಜಿಗೆ ಬಿರುಸಾದ ತೋಳು ಕಂಕುಳಲ್ಲಿ ಚುಚ್ಚಿದ್ದೂ ನೆನಪಿದೆ. ಸಾವ್ಕಾರರು ಬೇಕೆಂಬುದಕ್ಕೆ ಎತ್ತಿದೆನೋ, ಬೇಡವೆಂಬುದಕ್ಕೆ ಎತ್ತಿದೆನೋ ಎನ್ನುವುದೊಂದೇ ನೆನಪಿಲ್ಲ. ಆದರೆ ಆ ಅಂಗಿಗಳನ್ನು ಮಾವನ ಪರವಾಗಿ ಕೈ ಎತ್ತಲು ಹೊಲಿಸಿರಲಿಲ್ಲ.

ಮಾರೆಕ್ಕ ಅಂದು ಮಾವನ ಮುಖ ನೋಡಿದ್ದು ಯಾಕೆಂದು ಈಗ ಅರ್ಥವಾಗುತ್ತದೆ. ತುಂಬಿದ ಸಭೆಯಲ್ಲಿ ಆಕೆ ಹೇಳಿದ್ದೆಲ್ಲ ನಿಜ. ಒಂದೇ ಒಂದು ಸುಳ್ಳು ಹೇಳಿದಳು, ಅದನ್ನು ನನ್ನ ಮಾವನಿಗಾಗಿ ಹೇಳಿದಳು.

“ಲಾಟೀನ್ ಒರಸಾಕ ಹರೀಲೇನ್ರಿ?” ಎಂದು ಹೆಂಡತಿ ಕೇಳಿದಳು. ಬೇಡವೆಂದೆ, ಯಾರ ಅಂಗಿಯೆಂದೂ ಹೇಳಿದೆ. ಅವಳು ಅಂಗಿ ಮಡಚಿಟ್ಟಳು.

ಬರುವ ಭಾನುವಾರ ಅದನ್ನೇ ತೊಟ್ಟು ಆದೋನಿಗೆ ಹೋಗುತ್ತೇನೆ. ವೇದಿಕೆಯ ಮೇಲೆ ಮೊದಲು ನನ್ನ ಕಾಲರು ತಿರುವಿ ತೋರಿಸಿ, ಆಮೇಲೆ ಸಾವ್ಕಾರರ ಮಾತು ಎತ್ತಬೇಕೆಂದಿದ್ದೇನೆ. ಆದರೆ ನನ್ನನ್ನು ನಾನು ಬಲ್ಲೆ. ಹಾರ ಬೀಳುತ್ತಲೇ ನಾನೂ ಮೆತ್ತಗಾಗಿ ನಾಲ್ಕು ಒಳ್ಳೆಯ ಮಾತಾಡಿ ಇಳಿದುಬರಬಹುದು. ಬಂದು, ಐದು ವರ್ಷದ ಮೇಲೆ, ತುಂಬಿದ ಸಭೆಯಲ್ಲಿ ಕಾಲರು ತಿರುವಿ ತೋರಿಸಿದವನು ನಾನೇ ಎಂದು ನಂಬಿಯೂಬಿಡಬಹುದು. ಅದಕ್ಕೇ ಹೊರಡುವ ಮೊದಲು ಇದನ್ನು ಬರೆದು ನಿಮಗೆ ಅಂಚೆಗೆ ಹಾಕುತ್ತಿದ್ದೇನೆ. ಮುಂದೆ ಎಲ್ಲಾದರೂ ನಾನು ನಿಮ್ಮೆದುರು ಆ ಕಥೆ ಹೇಳಲು ಕೂತರೆ, ದಯವಿಟ್ಟು ಸುಮ್ಮನೆ ಕೇಳಿಸಿಕೊಳ್ಳಬೇಡಿ. ಎದ್ದು ಹಿಂದೆ ಬಂದು, ಮಾರೆಕ್ಕ ನಿಂತ ಹಾಗೆ ನಿಂತು, ಕಾಲರು ತಿರುವಿ ನೋಡಿ. ಕಂಡದ್ದನ್ನು ಕಂಡ ಹಾಗೆ ಹೇಳಿ.