ಕನ್ಯಾ ನೋಡಲು ಬಂದವರು ಮತ್ತು ಕನಸಿನ ಇರುವೆ

"ಹವ್ಯಾಸ ಏನವಾ ನಿಂದು?"

ಕನ್ಯಾ ನೋಡಲು ಬಂದವರು ಇದನ್ನು ಕೇಳಿಯೇ ಕೇಳುತ್ತಾರೆ. ಹುಡುಗಿ ರಂಗೋಲಿ ಅನ್ನಬೇಕು, ಕಸೂತಿ ಅನ್ನಬೇಕು. ಬಹಳವಾದರೆ ಟಿವಿ ನೋಡುತ್ತೇನೆ ಅನ್ನಬೇಕು. ಕಳೆದ ರವಿವಾರ ಬೇಡಕಿಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಮೊಮ್ಮಗಳು ಸ್ನೇಹಾ ತಲೆ ಎತ್ತಿ ಹೇಳಿದಳು:

"ಇರುವಿ ಸಾಕ್ತೀನ್ರಿ."

ಹುಡುಗನ ಅವ್ವನ ಅವಲಕ್ಕಿ ಚಮಚ ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಸೊಸೆ (ಸ್ನೇಹಾಳ ತಾಯಿ) ಹಣೆ ಬಡಿದುಕೊಂಡಳು. ನಾನು ಚಹಾ ಕುಡಿಯುತ್ತಿದ್ದೆ. ಕುಡಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದೂ ಒಂದು ಹವ್ಯಾಸ. ಕೆಲವರು ಮೀನು ಸಾಕುತ್ತಾರೆ, ಕೆಲವರು ಗಿಳಿ ಸಾಕುತ್ತಾರೆ, ಇವರು ಇರುವೆ ಸಾಕುತ್ತಾರೆ. ಮೊದಲ ಮಳೆ ಬಿದ್ದ ಮೇಲೆ ರೆಕ್ಕೆಯ ರಾಣಿ ಇರುವೆಗಳು ಹಾರಿ ಬಂದು ನೆಲಕ್ಕೆ ಬೀಳುತ್ತವೆ. ಒಂದನ್ನು ಹಿಡಿದು ಗಾಜಿನ ನಳಿಗೆಯಲ್ಲಿ ಹಾಕಿ, ಒದ್ದೆ ಹತ್ತಿ ಇಟ್ಟು, ಕತ್ತಲಲ್ಲಿ ಬಿಟ್ಟರೆ ಅದು ತತ್ತಿ ಇಟ್ಟು ಸಂಸಾರ ಹೂಡುತ್ತದೆ. ಸ್ನೇಹಾ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕಬ್ಬಿನ ಬದುವಿನಲ್ಲಿ ಸಿಕ್ಕ ಒಂದು ಗೊದ್ದದ, ಅಂದರೆ ದೊಡ್ಡ ಕರಿ ಇರುವೆಯ, ರಾಣಿಯಿಂದ ಶುರು ಮಾಡಿದಳು. ಈಗ ಅವಳ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಊರಿಗಾಗುವಷ್ಟು ಗೊದ್ದಗಳಿವೆ.

ಮೊದಮೊದಲು ನಾನೂ ಬೈದೆ. ನಾವು ಸಕ್ಕರೆ ಡಬ್ಬಿಯನ್ನು ನೀರಿನ ತಾಟಿನಲ್ಲಿಟ್ಟು ಇರುವೆ ತಪ್ಪಿಸುತ್ತೇವೆ, ಇವಳು ಅದೇ ಸಕ್ಕರೆ ಕದಡಿ ಅವಕ್ಕೆ ಕುಡಿಸುತ್ತಾಳೆ. ಆಮೇಲೆ ಸುಮ್ಮನಾದೆ. ಬೊಗಳುವುದಿಲ್ಲ, ಒದರುವುದಿಲ್ಲ, ಯಾರ ಮನೆಗೂ ಹೋಗಿ ಚಾಡಿ ಹೇಳುವುದಿಲ್ಲ. ಮನುಷ್ಯರಿಗಿಂತ ಎಷ್ಟೋ ಪಾಡು.

ಮುಂದೆ ನಡೆದದ್ದು ಕೇಳಿ. ಹುಡುಗ ಪ್ರಮೋದ. ಕಾಗವಾಡದ ಕಡೆಯವನು. ದ್ರಾಕ್ಷಿ ತೋಟ ಇದೆ, ಸೊಸೈಟಿಯಲ್ಲಿ ನೌಕರಿ ಇದೆ. ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದವನು ಒಮ್ಮೆಲೇ ನೆಟ್ಟಗಾದ.

"ಖರೇನ? ನಾನೂ ಸಾಕೀನ್ರಿ!"

ಮುಗಿಯಿತು. ಇಬ್ಬರಿಗೂ ನಾವು ಕೂತಿದ್ದೇವೆ ಅನ್ನುವುದೇ ಮರೆತುಹೋಯಿತು. ಅದು ಯಾವ ಜಾತಿ, ಇದು ಎಷ್ಟು ತತ್ತಿ, ಬೂಷ್ಟು ಹಿಡಿದರೆ ಏನು ಮಾಡುತ್ತೀರಿ. ಹುಡುಗನ ಕಾಕಾ ತೊಡೆ ತಟ್ಟಿ ನಕ್ಕ. "ಜಾತಕ ತಗೀಬ್ಯಾಡ್ರಿ, ಇರುವಿ ಕೂಡ್ಯಾವ!"

ಆಗ ಹುಡುಗ ಕೇಳಿದ, "ನಿಮ್ಮ ಡ್ರೀಮ್ ಇರುವಿ ಯಾವ್ದ್ರಿ?"

ಇರುವೆ ಸಾಕುವವರು ಒಬ್ಬೊಬ್ಬರೂ ಒಂದೊಂದು ಇರುವೆಯ ಕನಸು ಇಟ್ಟುಕೊಂಡಿರುತ್ತಾರಂತೆ. ಸಿಗದಂಥದ್ದು, ಸಾಕಲಾಗದಂಥದ್ದು. (ನನ್ನನ್ನು ನೋಡಲು ಬಂದವರು ಎತ್ತಿನದು ನೋಡಿದ ಹಾಗೆ ನನ್ನ ಹಲ್ಲು ನೋಡಿದ್ದರು. ಕನಸು ಯಾರೂ ಕೇಳಿರಲಿಲ್ಲ.)

"ಮೊದ್ಲ ನಿಮ್ದು ಹೇಳ್ರಿ," ಅಂದಳು ಸ್ನೇಹಾ.

ಹುಡುಗ ಫೋನು ತೆಗೆದು ನನ್ನ ಮುಂದೆಯೇ ಹಿಡಿದ. ಎಲ್ಲೋ ಪರದೇಶದ ಮರುಭೂಮಿಯ ಇರುವೆ. ನೆಲದೊಳಗಿನ ಗೂಡಿನ ಮಾಳಿಗೆಗೆ ಕಾಲು ಕೊಟ್ಟು ಸಾಲಾಗಿ ಜೋತುಬಿದ್ದಿವೆ. ಹೊಟ್ಟೆಯಲ್ಲಿ ಜೇನು ತುಂಬಿ ಬಂಗಾರದ ಬಣ್ಣ.

"ನಮ್ಮ ತ್ವಾಟದ ದ್ರಾಕ್ಷಿ ಇದ್ದಂಗ ಕಾಣ್ತಾವ ನೋಡ್ರಿ ಆಯಿ."

"ಕಾಣ್ತಾವಪಾ. ಕೆಳಗ ಯಾವಾಗ ಇಳೀತಾವ?"

"ಇಳಿಯಂಗಿಲ್ರಿ. ಜೀವ ಇರೂತನಕ ಅಲ್ಲೇ. ಉಳಿದ ಇರುವಿ ಮಳಿಗಾಲದಾಗ ತಂದು ತಂದು ಇವುಗಳ ಹೊಟ್ಟಿ ತುಂಬ್ತಾವ. ಬ್ಯಾಸಿಗ್ಯಾಗ ಹಸಿವಾದ್ರ ಬಂದು ಕುಡೀತಾವ. ಜೀವಂತ ಗಡಗಿ ಇದ್ದಂಗ್ರಿ!"

"ಗಂಡೋ, ಹೆಣ್ಣೋ?"

"ಹೆಣ್ರಿ. ಕೆಲಸಾ ಮಾಡೂ ಇರುವಿ ಎಲ್ಲಾ ಹೆಣ್ಣ."

"ನನಗ ಅನಿಸಿತ್ತು," ಅಂದೆ.

ಸ್ನೇಹಾಳ ಕನಸು ಬೇರೆ. ನಮ್ಮದೇ ದೇಶದ, ಅಡವಿ ಕಡೆಯ, ಜಿಗಿಯುವ ಇರುವೆ. ದೊಡ್ಡ ಕಣ್ಣು, ಇಕ್ಕಳದಂಥ ಬಾಯಿ. ಚಂಗನೆ ಹಾರಿ ಬೇಟೆ ಹಿಡಿಯುತ್ತದಂತೆ. "ಅದರಾಗ ರಾಣಿ ಸತ್ರ ಗೂಡು ಹಾಳಾಗಂಗಿಲ್ರಿ," ಅಂದಳು. "ಕೆಲಸದ ಇರುವಿಗೋಳ ಮೀಸಿಲೇ ಬಡದಾಡ್ತಾವ. ಗೆದ್ದಾವು ತಾವ ತತ್ತಿ ಇಟ್ಟು ಗೂಡು ನಡಸ್ತಾವ."

"ಅದನ್ನ ಸಾಕೂದು ಭಾಳ ಕಷ್ಟ," ಅಂದ ಹುಡುಗ.

"ಅದಕ್ಕ ಕನಸು ಅಂತಾರ್ರಿ."

ಹುಡುಗ ನಕ್ಕ. ಇವಳೂ ನಕ್ಕಳು. ನನ್ನ ಮಗ (ಸ್ನೇಹಾಳ ಅಪ್ಪ) ಮೀಸೆ ತಿರುವಿಕೊಂಡ. ಅವನ ಕಣ್ಣಲ್ಲಿ ಆಗಲೇ ಲಗ್ನದ ಹಂದರ ಎದ್ದಿತ್ತು.

ಅಷ್ಟರಲ್ಲಿ ಹುಡುಗನ ಅವ್ವ ಪ್ಲೇಟು ಕೆಳಗಿಟ್ಟಳು.

"ಗಣಮಕ್ಕಳಿಗೆ ಏನರೆ ಒಂದು ಹವ್ಯಾಸದ ನಾದ ಇರ್ತೈತಿ, ಇರ್ಲಿ. ನಮ್ಮ ಪ್ರಮೋದ ಶಾಣ್ಯಾ, ಇದರ ಮ್ಯಾಲೆ ಪರದೇಶದವರ ಜೋಡಿ ಇಂಗ್ಲಿಷಿನ್ಯಾಗ ಮಾತಾಡ್ತಾನ. ಆದ್ರ ಮನಿ ಸೊಸಿಗೆ ಇದೆಲ್ಲಾ ಎದಕ್ಕ? ಲಗ್ನಾದ ಮ್ಯಾಲೆ ಅವನ್ನ ಇಲ್ಲೇ ಬಿಟ್ಟು ಬರ್ಬೇಕ ನೋಡವಾ."

ಕೇಳಿದಿರಾ? ಅದೇ ಇರುವೆ. ಅದೇ ಗಾಜು. ಅದೇ ಸಕ್ಕರೆ ನೀರು. ಮಗ ಸಾಕಿದರೆ ವಿಜ್ಞಾನಿ. ಸೊಸೆ ಸಾಕಿದರೆ ಹುಚ್ಚಿ?

ಸ್ನೇಹಾ ಆಕೆಯ ಕಡೆ ನೋಡಲಿಲ್ಲ, ಹುಡುಗನ ಕಡೆ ನೋಡಿದಳು. ಈಗ ಏನಾದರೂ ಅಂದಾನು ಅಂತ ನಾನೂ ನೋಡಿದೆ. ಅವನು ಫೋನು ಕಿಸೆಗೆ ಹಾಕಿಕೊಂಡು ಮತ್ತೆ ಕ್ಯಾಲೆಂಡರ್ ಓದಲು ಶುರು ಮಾಡಿದ.

ನನಗೆ ತಡೆಯಲಿಲ್ಲ. "ಯಾಕವಾ, ನಿಮ್ಮ ಮನ್ಯಾಗ ಜಾಗಾ ಕಡಿಮಿ ಐತೇನು?"

"ಜಾಗಾಕ್ಕೇನ್ರಿ ಆಯಿ, ಬೇಕಾದಷ್ಟ ಐತಿ. ಮಂದಿ ಏನಂದಾರು?"

"ನಿನ್ನ ಮಗನಿಗೆ ಏನಂತಾರ ಮಂದಿ?"

ಆಕೆ ಮತ್ತೆ ಪ್ಲೇಟು ಎತ್ತಿಕೊಂಡಳು. ಅವಲಕ್ಕಿ ಛಲೋ ಆಗೇತಿ ಅಂದಳು.

ಅವರ ಗಾಡಿ ಓಣಿ ದಾಟಿದ್ದೇ ತಡ, ನನ್ನ ಮಗ ನನ್ನ ಮೇಲೆ ಬಿದ್ದ. "ಅವ್ವಾ, ನೀ ಸುಮ್ಕ ಇರ್ಬೇಕಿತ್ತು." ಸೊಸೆಯೂ ದನಿಗೂಡಿಸಿದಳು. "ಇರುವಿ ಸಲುವಾಗಿ ಇಂಥಾ ಮನಿ ಬಿಡೂದೇನ್ರಿ ಅತ್ತಿ?"

ಇರುವೆಯ ಸಲುವಾಗಿ ಯಾರು ಮಾತಾಡಿದರು? ನಮ್ಮ ಓಣಿಗೇ ಬಂದು ನೋಡಿ. ಖೋಖೋದಲ್ಲಿ ಜಿಲ್ಲೆಯ ಪರವಾಗಿ ಆಡಿದ ಸೊಸೆಯೊಬ್ಬಳು ಇದ್ದಾಳೆ. ಅವಳು ಗೆದ್ದ ಕಪ್ಪಿನಲ್ಲಿ ಅವಳ ಅತ್ತೆ ಈಗ ಸಾಸಿವೆ ಇಡುತ್ತಾಳೆ. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. "ಬಿಟ್ಟು ಬಾರವಾ" ಅಂತ ನಗುನಗುತ್ತ ಹೇಳಿದರು, ಬಿಟ್ಟು ಬಂದಳು. ಹಾಗಾದರೆ ಹುಡುಗರಿಗೆ ಏನು ಬಿಟ್ಟು ಬಾ ಅನ್ನುತ್ತೀರಿ? ತಂಬಾಕಿನ ಊರು ನಿಪ್ಪಾಣಿಯ ಮಗ್ಗುಲಲ್ಲೇ ಇದ್ದೇವೆ, ತಂಬಾಕಾದರೂ ಬಿಟ್ಟು ಬಾ ಅಂತ ಯಾವ ವರನಿಗಾದರೂ ಹೇಳಿದ್ದೀರಾ?

ಬುಧವಾರ ಸಂಜೆ ಸ್ನೇಹಾಳ ಫೋನು ರಿಂಗಾಯಿತು. ನಾವೆಲ್ಲ ಶೇಂಗಾ ಸುಲಿಯುತ್ತಿದ್ದೆವು. ಪ್ರಮೋದನ ಹೆಸರು ನೋಡಿ ಅವಳ ಮುಖ ಅರಳಿದ್ದು ನನಗೆ ಕಂಡಿತು. (ಹುಡುಗ ಅವಳಿಗೆ ಹಿಡಿಸಿದ್ದಾನೆ. ಅದೇ ಇಲ್ಲಿಯ ಕಷ್ಟ.) "ಎಲ್ಲಾರೂ ಕೇಳ್ರಿ," ಅಂತ ಸ್ಪೀಕರ್ ಹಾಕಿದಳು.

"ಸ್ನೇಹಾ ಅವರ, ಒಂದು ಐಡಿಯಾ ಹೊಳದೈತಿ. ನಿಮ್ಮ ಇರುವಿ ತಗೊಂಡ ಬರ್ರಿ. ನನ್ನವ ಅಂತ ಅವ್ವಗ ಹೇಳೂಣು. ನೀವು ನಿಮ್ಮಷ್ಟಕ್ಕ ನೋಡ್ಕೊಂಡ ಹೋಗ್ರಿ. ಆಕೀಗೆ ಎಲ್ಲಿ ಗೊತ್ತಾಗತೈತಿ?"

"ಎಷ್ಟ ಛಲೋ ಹುಡುಗ!" ಅಂತ ನನ್ನ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಮಗ ಉಸಿರು ಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಸಾಕುವವಳು ಇವಳು, ಹೆಸರು ಅವನದು! ಇದೇನು ಹೊಸ ಐಡಿಯಾ? ಎಮ್ಮೆಯ ಸಗಣಿ ಬಳಿಯುವವಳು ಸೊಸೆ, ಡೇರಿಯಲ್ಲಿ ಹೆಸರು ಮಾವನದು. ಕಳೆ ತೆಗೆದು ಬೆನ್ನು ಬಾಗಿದವಳು ಹೆಂಡತಿ, ಹೊಲದ ಉತಾರದಲ್ಲಿ ಹೆಸರು ಗಂಡನದು. ಹೊಲ ಆಯಿತು, ಹೈನ ಆಯಿತು, ಇನ್ನು ಉಳಿದದ್ದು ಇರುವೆಯೇ? ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಲಭವಿತ್ತು, ಆವತ್ತೇ ಹೊರಗೆ ಕಳಿಸುತ್ತಿದ್ದೆ. ಅವನು ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದಾನೆ.

ನಾನು ಬಾಯಿ ತೆರೆಯುವ ಮೊದಲೇ ಸ್ನೇಹಾ ಮಾತಾಡಿದಳು.

"ಪ್ರಮೋದ ಅವರ, ನಾ ಕದ್ದ ಮಾಲು ತರವಳಲ್ರಿ. ತಂದ್ರ ನನ್ನವ ಅಂತ ಹೇಳೇ ತರ್ತೀನಿ. ನಿಮ್ಮ ಅವ್ವಗ ನೀವ ಹೇಳ್ರಿ. ಹೇಳಿದ ಮ್ಯಾಲೆ ಫೋನ್ ಮಾಡ್ರಿ."

"ಸ್ವಲ್ಪ ಟೈಮ್ ಬೇಕ್ರಿ," ಅಂದ.

ಇದನ್ನು ಬರೆಯುವವರೆಗೆ ಫೋನು ಬಂದಿಲ್ಲ. ಸೊಸೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸ್ನೇಹಾ ಕಾರ್ಖಾನೆಗೆ ಹೋಗುತ್ತಾಳೆ, ಬರುತ್ತಾಳೆ, ಫೋನು ತಿರುಗಿಸಿ ನೋಡುತ್ತಾಳೆ, ಇಡುತ್ತಾಳೆ. ನಾನು ಏನೂ ಕೇಳುವುದಿಲ್ಲ. ಕೇಳುವುದಿದ್ದರೆ ಆ ಹುಡುಗನನ್ನೇ ಕೇಳಬೇಕು.

ಸಮುದ್ರದಾಚೆಯ ಇರುವೆಯನ್ನು ಕಾಗವಾಡಕ್ಕೆ ತರುವ ಕನಸು ಕಾಣುವವನಿಗೆ, ಪಡಸಾಲೆಯಿಂದ ಅಡುಗೆಮನೆಗೆ ಹೋಗಿ ಅವ್ವನಿಗೆ ಒಂದು ಮಾತು ಹೇಳಲು ಎಷ್ಟು ಟೈಮ್ ಬೇಕು?