ಗಿರಿಜತ್ತೆಯ ಬುರಾಂಶ್ ಉಳಿದ ಬೇಸಿಗೆ

ಆಗ ನಾವು ಕಾಶಿಯ ಮಠವೊಂದರ ಹಿಂದಿನ ಗಲ್ಲಿಯಲ್ಲಿದ್ದೆವು. ಊರ ಕಡೆಯಿಂದ ಬರುವ ಯಾತ್ರಿಕರಿಗೆ ಅಪ್ಪ ಪೂಜೆ ಮಾಡಿಸುತ್ತಿದ್ದ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ಬೇಸಿಗೆಯೆಂದರೆ ನಮಗೆ ಮಾಳಿಗೆಯೇ ಲೋಕ. ಪಕ್ಕದ ಮನೆಯ ಗಾಳಿಪಟದ ದಾರ ಹಿಡಿಯುವುದು, ಒಣಹಾಕಿದ ಹಸಿ ಸಂಡಿಗೆ ಕದ್ದು ನೆಕ್ಕುವುದು, ಉಪ್ಪುಖಾರ ಹಚ್ಚಿದ ಮಾವಿನಕಾಯಿಗೆ ಹಲ್ಲು ಜುಮ್ಮೆನಿಸಿಕೊಳ್ಳುವುದು.

ಅಂಥದೊಂದು ಬೇಸಿಗೆಗೆ ಮುಂಚೆ ಅಪ್ಪನ ಅಕ್ಕ ಗಿರಿಜತ್ತೆ ನಮ್ಮಲ್ಲಿಗೆ ಬಂದಳು. ಅವಳ ಗಂಡ ಹಿಮಾಲಯದ ಗುಡಿಯೊಂದರಲ್ಲಿ ಪೂಜೆಗಿದ್ದರು. ಅವರು ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಕುಂಡ ಹಿಡಿದುಕೊಂಡು ಅತ್ತೆ ಬೆಟ್ಟ ಇಳಿದಿದ್ದಳು. ಕುಂಡದಲ್ಲಿ ಮಾವ ನೆಟ್ಟ ಬುರಾಂಶ್ ಗಿಡ. ಕೆಂಪು ಹೂವಿನ ಆ ಗಿಡಕ್ಕೆ ಪುಸ್ತಕದಲ್ಲಿ ರೊಡೊಡೆಂಡ್ರಾನ್ ಎಂದಿರುತ್ತದೆ. ಮಾವನ ಹೆಸರನ್ನು ಅತ್ತೆ ಎತ್ತುತ್ತಿರಲಿಲ್ಲ. ಮಾಳಿಗೆಯ ಮೇಲಿಟ್ಟ ಗಿಡಕ್ಕೆ ಮಾತ್ರ ದಿನವೂ ನೀರು ಹಾಕುತ್ತಿದ್ದಳು.

ಬಿಸಿಲು ಏರಿದಂತೆ ಅದರ ಎಲೆಗಳ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಬಿಳಿ ಚುಕ್ಕಿ ಎದ್ದವು. ಅತ್ತೆ ಒಂದು ಎಲೆ ಮಗುಚಿ ನನಗೆ ತೋರಿಸಿದಳು. ಅಡಿಯಲ್ಲಿ ಟಾರಿನ ಹನಿಯಂಥ ಕಪ್ಪು ಕಲೆ, ನಡುವೆ ಜಾಲರಿ ರೆಕ್ಕೆಯ ಸಣ್ಣ ಹುಳಗಳು.

ಅಪ್ಪ ಕಾಶಿಯದೇ ಲಂಕಾ ಪೇಟೆಯ ಅಂಗಡಿಯಿಂದ ಒಂದು ಔಷಧಿಯ ಪುಡಿ ತಂದ.

"ಬ್ಯಾಡ ತಮ್ಮಾ," ಅಂದಳು ಅತ್ತೆ. "ಇಲ್ಲೇ ಸಂಡಿಗಿ ಒಣಗ್ತಾವ, ಹುಡುಗೂರು ಆಡ್ತಾವ. ವಿಷ ಬ್ಯಾಡ."

ಅಪ್ಪನಿಗೆ ಸುಮ್ಮನಿರಲಾಗಲಿಲ್ಲ. ಮರುದಿನ ಅವಳು ಗಂಗೆಯ ಘಾಟಿಗೆ ಹೋಗಿದ್ದಾಗ, ವಿಷದ ಬದಲು ಬಟ್ಟೆ ಒಗೆಯುವ ಸಾಬೂನು ಗಟ್ಟಿಯಾಗಿ ಕದಡಿ, ನಡುಹಗಲಲ್ಲೇ ಗಿಡಕ್ಕೆ ಸುರಿದ. ಸಂಜೆಗೆ ಎಲೆಯಂಚುಗಳು ಸುಟ್ಟ ಹಪ್ಪಳದಂತಾದವು. ಅವ್ವ ಹಣೆ ಚಚ್ಚಿಕೊಂಡಳು. ಅಪ್ಪ ತಲೆ ತಗ್ಗಿಸಿ ನಿಂತ.

ಅತ್ತೆ ಕುಂಡದ ಬಳಿ ಕುಳಿತು ಬಹಳ ಹೊತ್ತು ಎಲೆ ಸವರಿದಳು. ಈಗ ಅಳುತ್ತಾಳೆ ಅಂದುಕೊಂಡೆ. ಅವಳು ಸೆರಗು ಸಿಕ್ಕಿಸಿ ಎದ್ದಳು.

"ಒಳ್ಳೇದಾಗ್ಲಿ ಅಂತ ಮಾಡಿದಿ, ನನಗ ಗೊತ್ತದ. ಬಾ, ಕುಂಡ ಹಿಡಿ. ನೆರಳಿಗೆ ಇಡೋಣು."

ಅಂದಿನಿಂದ ದಿನಾ ಬೆಳಿಗ್ಗೆ, ಗೋಡೆಗೆ ಬಿಸಿಲು ತಾಗುವ ಮೊದಲೇ ನಮ್ಮ ಕೆಲಸ ಶುರುವಾಗುತ್ತಿತ್ತು. ಅತ್ತೆ ಎಲೆ ಮಗುಚಿ ಹಿಡಿಯುವಳು. ನಾನು ಪಿಚಕಾರಿಯಿಂದ ಅಡಿಗೆ ರಭಸವಾಗಿ ನೀರು ಹೊಡೆಯುವೆ.

"ಅತ್ತಿ, ಇಲ್ಲೂ ಕೀಡಾ ಅದಾವ!"

"ಹುಳಾ ಅನ್ನು."

"ಹುಳಾ."

"ಹಾಂ, ಈಗ ಹೊಡಿ!"

ಹುಳ ಉದುರಿ ಬಿದ್ದರೆ ಇಬ್ಬರೂ ನಗುತ್ತಿದ್ದೆವು. ಜೇಡವೊಂದು ಕಂಡರೆ ಮಾತ್ರ ಕೈ ತಡೆಯುವಳು: "ಇರ್ಲಿ ಬಿಡು, ಅದು ನಮ್ಮ ಕಡೀದು." ಬೇವಿನೆಣ್ಣೆಗೆ ತುಸು ಮೈಸಾಬೂನು ಸೇರಿಸಿ ತೆಳ್ಳಗೆ ಕದಡಿದಾಗಲೂ ಮೊದಲು ಒಂದೇ ಎಲೆಗೆ ಹಚ್ಚಿ ಕಾದು ನೋಡಿದಳು. ಅದಕ್ಕೇನೂ ಆಗದಿದ್ದಾಗ, ಬಿಸಿಲಿಳಿದ ಮೇಲೆ, ಉಳಿದವುಗಳ ಅಡಿಗೆ ಸಿಂಪಡಿಸಿದಳು. ಆ ಕಹಿ ವಾಸನೆ ರಾತ್ರಿ ಊಟದವರೆಗೂ ನನ್ನ ಕೈಯಲ್ಲಿರುತ್ತಿತ್ತು.

ಒಂದು ಬೆಳಿಗ್ಗೆ ಎಲೆ ತೊಳೆಯುತ್ತಲೇ ಅವಳು ಹೇಳಿದಳು: "ಹೂ ಬಿಟ್ಟಾಗ ನಿಮ್ಮ ಮಾಮಾ ಮೊದಲಿನ ಎಸಳು ನನಗ ತಿನಸ್ತಿದ್ರು." ಆಮೇಲೆ ಮಾತು ನಿಲ್ಲಲಿಲ್ಲ. ಹಿಮ, ಗುಡಿಯ ಗಂಟೆ, ಕಡಿದಾದ ದಾರಿಯಲ್ಲಿ ಮಾವ ಹಾಡುತ್ತ ಬರುತ್ತಿದ್ದದ್ದು. ಅಪ್ಪ ಮೆಟ್ಟಿಲ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದ.

ಮಳೆ ಬಂದಾಗ ಹೊಸ ಚಿಗುರು ಒಡೆಯಿತು. ಒಂದೂ ಚುಕ್ಕಿಯಿಲ್ಲ. ಶಿವರಾತ್ರಿಯ ಆಸುಪಾಸಿಗೆ ಒಂದೇ ಒಂದು ಗೊಂಚಲು ಅರಳಿತು. ಆ ಕೆಂಪು ನೋಡಲು ಗಲ್ಲಿಯವರೆಲ್ಲ ಹತ್ತಿ ಬಂದರು. ಅತ್ತೆ ಮೊದಲ ಎಸಳು ಅಪ್ಪನ ಬಾಯಿಗಿಟ್ಟಳು. ಅಪ್ಪ ಎಲ್ಲರೆದುರೇ ಅವಳ ಕಾಲು ಮುಟ್ಟಿದ. ನನಗೆ ಸಿಕ್ಕ ಎಸಳು ಹುಳಿಹುಳಿಯಾಗಿತ್ತು.

ಮುಂದೆ ಕೆಲವು ವರ್ಷಕ್ಕೆ, ಜೂನಿನ ಒಂದು ಕೆಟ್ಟ ಬಿಸಿಗಾಳಿಗೆ ಗಿಡ ಹೋಯಿತು. ಈಗ ಅತ್ತೆಯೂ ಇಲ್ಲ. ಇದೇ ಕಾಶಿಯ ಭೇಲೂಪುರದ ನನ್ನ ಬಾಡಿಗೆ ಮನೆಗೆ ಮಾಳಿಗೆಯ ಹಕ್ಕಿಲ್ಲ. ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಇವನ್ನೆಲ್ಲ ಹೇಗೋ ಸಹಿಸಬಹುದು. ಆದರೆ ತನಗಿದ್ದ ಒಂದೇ ಆಸ್ತಿಯನ್ನು ಸುಟ್ಟವನ ಮುಖ ನೋಡಿ, ಮೊದಲು ಅವನ ಒಳ್ಳೆಯ ಮನಸ್ಸನ್ನು ಕಂಡವಳು ಅವಳು. ಅಷ್ಟು ದೊಡ್ಡ ಮನಸ್ಸಿನವರು ನಮ್ಮ ಮನೆಯಲ್ಲಿ ಆಮೇಲೆ ಯಾರೂ ಇರಲಿಲ್ಲ, ಅದನ್ನು ಸಹಿಸುವುದೇ ಕಷ್ಟ.