ಶಾಯಿ ನಿಂತ ಜಾಗಗಳು

ಆ ಗುರುವಾರದ ಬೆಳಗೂ ಎಂದಿನಂತೆಯೇ ಇತ್ತು. ಯಜಮಾನರು ಆಸ್ಪತ್ರೆ ಡ್ಯೂಟಿಗೆ ಹೊರಟರು. ಹತ್ತು ವರ್ಷದ ಮಗಳು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಹುಡುಕುತ್ತ ಮನೆಯೆಲ್ಲ ಕುಂಟಿದಳು. ಅವಳನ್ನು ಶಾಲೆಗೆ ಬಿಟ್ಟು ಬಂದು, ಆರಿದ ಕಾಫಿಯನ್ನು ಬಿಸಿ ಮಾಡಿ ಕುಡಿದು, ಊಟದ ಮೇಜನ್ನು ಎರಡು ಸಲ ಒರೆಸಿದೆ. ಸ್ವಲ್ಪ ತೇವವಿದ್ದರೂ ತೆಳುಕಾಗದ ಅಂಟಿಕೊಳ್ಳುತ್ತದೆ.

ನಾವಿದ್ದ ಇಂಗ್ಲಿಷ್ ಊರು ಎಜ್‌ವೇರಿನ ಲೈಬ್ರರಿಯ ಮೇಲಿನ ಕೋಣೆಯಲ್ಲಿ ವಾರಕ್ಕೊಮ್ಮೆ ಚೀನೀ ಕುಂಚಬರಹದ ತರಗತಿ ನಡೆಯುತ್ತಿತ್ತು. ಹಾಂಗ್‌ಕಾಂಗಿನ ವಯಸ್ಸಾದ ಹೆಂಗಸೊಬ್ಬರು ಕಲಿಸುತ್ತಿದ್ದರು. ಒಂದು ವರ್ಷ ಅಚ್ಚುಕಟ್ಟಾದ ಅಕ್ಷರ ತಿದ್ದಿಸಿ, ಆಮೇಲೆ ಓಟದ ಬರಹಕ್ಕೆ ಕೈ ಹಚ್ಚಿಸಿದ್ದರು. ಕಾಗದಕ್ಕೆ ಗತಿಯಿಲ್ಲದೆ ಬಾಳೆಯೆಲೆಯ ಮೇಲೆ ಬರೆದ ಭಿಕ್ಷು, ಕುಡಿದು ಕೂಗಾಡಿ ತಲೆಗೂದಲನ್ನೇ ಮಸಿಯಲ್ಲಿ ಅದ್ದಿ ಬರೆದವನು, ಇಂಥವರ ಗೆರೆಗಳನ್ನು ತೋರಿಸುತ್ತಿದ್ದರು. ಮಸಿ ತೀರಿ ಗೆರೆ ಒಣಗುವವರೆಗೂ ಅವರ ಕೈ ನಿಲ್ಲುತ್ತಿರಲಿಲ್ಲ. ಕುಂಚವನ್ನು ಮತ್ತೆ ಅದ್ದಿದ ಜಾಗ ಸಾವಿರ ವರ್ಷವಾದರೂ ಕಾಣುತ್ತದೆ.

“ಆಕಾರ ನೋಡಬೇಡಿ, ವೇಗ ಹಿಡಿಯಿರಿ. ಸತ್ತವರ ಉಸಿರು ಇರುವುದು ಅಲ್ಲಿ,” ಎನ್ನುತ್ತಿದ್ದರು. ಚೆನ್ನಾಗಿ ಪರಿಚಯವಿರುವ ಒಂದು ಕೈಬರಹದ ಮೇಲೆ ತೆಳುಕಾಗದ ಇಟ್ಟು, ಬರೆದ ವೇಗದಲ್ಲೇ ಕುಂಚ ಓಡಿಸುವುದು ಆ ವಾರದ ಹೋಮ್‌ವರ್ಕ್.

ನಾನು ಅಮ್ಮನ ಕಾಗದಗಳನ್ನು ತೆಗೆದೆ. ಮೈಸೂರಿನಿಂದ ಅವಳು ಬರೆಯುತ್ತಿದ್ದ ನೀಲಿ ಏರೋಗ್ರಾಮ್‌ಗಳು. ಮೊದಲನೆಯದರಲ್ಲಿ ಕೈ ತಡವರಿಸಿತು. ಎರಡನೆಯದಕ್ಕೆ ಬರುವಷ್ಟರಲ್ಲಿ ಅವಳೇ ನನ್ನ ಮಣಿಕಟ್ಟು ಹಿಡಿದು ಎಳೆದಂತಾಯಿತು. ತಲೆಕಟ್ಟು ಮುಂದಿನ ಅಕ್ಷರಕ್ಕೆ ಹಾರುತ್ತಿತ್ತು, ಸಾಲು ಮೇಲಕ್ಕೇರುತ್ತಿತ್ತು. ಒಲೆಯ ಮೇಲೆ ಏನೋ ಇಟ್ಟು ಬಂದವಳ ಅವಸರ. ಬೆನ್ನ ಹಿಂದೆ ಅವಳು ನಿಂತಿದ್ದಾಳೆ ಅನ್ನಿಸಿ ತಿರುಗಿ ನೋಡಿದೆ.

ಕೊನೆಯ ಕಾಗದದಲ್ಲಿ ಅವಳಿರಲಿಲ್ಲ.

“ನಾನು ಚೆನ್ನಾಗಿದ್ದೇನೆ. ಈಗ ಹೊರಟು ಬರಬೇಡ. ಹೆರಿಗೆ ಆದಮೇಲೆ ಬಾ,” ಎಂದಿತ್ತು ಅದರಲ್ಲಿ. ಅದು ತಲುಪಿದ ವಾರದಲ್ಲೇ ಅಮ್ಮ ಹೋದಳು. ನನಗೆ ಆಗ ಏಳು ತಿಂಗಳು. ಬರಬೇಡ ಎಂದದ್ದು ಅಮ್ಮನೇ ತಾನೇ, ಈ ಒಂದು ಸಮಾಧಾನದಿಂದಲೇ ಹತ್ತು ವರ್ಷ ನಿದ್ದೆ ಮಾಡಿದ್ದೆ. ಆ ಕಾಗದದಲ್ಲೂ ಅಕ್ಷರಗಳ ಆಕಾರವೆಲ್ಲ ಅವಳದೇ. ಆದರೆ ಪ್ರತಿ ಅಕ್ಷರದ ಕೊನೆಯಲ್ಲೂ ಪೆನ್ನು ನಿಂತು ಶಾಯಿ ಹರಡಿತ್ತು. ಸಾಲು ಸ್ಕೇಲಿಟ್ಟಂತೆ ನೇರ. ಅಮ್ಮ ಕಾನ್ವೆಂಟಿಗೆ ಹೋದವಳಲ್ಲ. ಸಿಸ್ಟರುಗಳಿಂದ ಗೆಣ್ಣಿನ ಮೇಲೆ ಪೆಟ್ಟು ತಿಂದು ಹಾಗೆ ಬರೆಯಲು ಕಲಿತವರು ನಾನು ಮತ್ತು ಅಕ್ಕ.

ಫೋನ್ ಮಾಡಿದೆ. ಮೈಸೂರಿನಲ್ಲಿ ಸಂಜೆ, ಅಕ್ಕನ ಹಿಂದೆ ಕುಕ್ಕರ್ ಕೂಗುತ್ತಿತ್ತು.

“ಅಕ್ಕಾ, ಅಮ್ಮನ ಕೊನೇ ಕಾಗದ ಬರ್ದಿದ್ದು ನೀನಾ?”

“ಇಷ್ಟು ವರ್ಷ ಆದ್ಮೇಲೆ ಈಗ್ಯಾಕೇ ಅದು?”

“ನೀನಾ, ಅಲ್ವಾ?”

“ಅಮ್ಮಂಗೆ ಬಲಗೈ ಎತ್ತಕ್ಕೇ ಆಗ್ತಿರ್ಲಿಲ್ಲ ಕಣೇ. ನಿಂಗೆ ಮೊದಲ್ನೇ ಬಸ್ರು ನಿಲ್ಲಲಿಲ್ಲ. ಹೇಳಿದ್ರೆ ಮಾರನೇ ದಿನಾನೇ ಪ್ಲೇನ್ ಹತ್ತೋಳು ನೀನು. ನಾಕು ಹಾಳೆ ಹಾಳು ಮಾಡ್ಕೊಂಡು ಐದನೇದು ಕಳ್ಸಿದೆ.”

“ಹಾಗೆ ಬರಿ ಅಂತ ಅಮ್ಮ ಹೇಳಿದ್ಲಾ?”

ಕುಕ್ಕರ್ ಇನ್ನೊಂದು ಸಲ ಕೂಗಿತು.

“ಇಲ್ಲ. ಅವಳು ಕೇಳ್ತಿದ್ದಿದ್ದು ಒಂದೇ. ಎಷ್ಟು ಗಂಟೆಗೆ ಬರ್ತಾಳೆ ಅಂತ. ಬೈಯೋದಿದ್ರೆ ಬೈದುಬಿಡೇ.”

ಬೈಯಲಿಲ್ಲ. ಫೋನ್ ಇಟ್ಟುಬಿಟ್ಟೆ.

ಮಗಳನ್ನು ಕರೆದುಕೊಂಡು ಬಂದೆ, ಅನ್ನಕ್ಕಿಟ್ಟೆ. ಅಡುಗೆಮನೆಯ ಗಡಿಯಾರ ಕಂಡಾಗಲೆಲ್ಲ ಯಾರೋ ಗಂಟೆ ಕೇಳಿದಂತಾಗುತ್ತಿತ್ತು. ತಿದ್ದಿದ ಹಾಳೆಗಳು ರೇಡಿಯೇಟರ್ ಮೇಲೆ ಸಾಲಾಗಿ ಒಣಗುತ್ತಿದ್ದವು. ಅಕ್ಕನದನ್ನು ಹರಿದು ಹಾಕಬೇಕೆಂದು ಎರಡು ಸಲ ಕೈಗೆತ್ತಿಕೊಂಡು ಅಲ್ಲೇ ಇಟ್ಟೆ.

ಸಂಜೆ, ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಧಾರವಾಡದ ಡಾಕ್ಟರ ಹೆಂಡತಿ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು.

“ಏನ್ರೀ ಇವು? ಚೀನಾದ್ದು ಕಲಿಯಾಕ ಹೊಕ್ಕೀನಿ ಅಂದಿದ್ರಿ, ಕನ್ನಡ ಐತಲ್ರಿ?”

“ಅಮ್ಮನ ಕಾಗದಗಳು. ಅವುಗಳ ಮೇಲೇ ತಿದ್ದುತ್ತಿದ್ದೆ,” ಎಂದೆ.

ಅವರು ಬಟ್ಟಲು ಹಿಡಿದುಕೊಂಡೇ ಬಗ್ಗಿ ಒಂದೊಂದನ್ನೂ ನೋಡಿದರು. ಕೊನೆಗೆ ಅಕ್ಕ ಬರೆದದ್ದರ ಹತ್ತಿರ ಬೆರಳು ಒಯ್ದು, ಬಾಗಿಲ ಕಡೆ ತಿರುಗುತ್ತಲೇ ಹೇಳಿದರು:

“ಇದೊಂದ ನೋಡ್ರಿ, ಮಗಳಿಗಂತ ಕುಂತು ಬರದಂಗ ಐತಿ. ಉಳದವು ಹಾಲಿನಾಂವಗ ಚೀಟಿ ಬರದಂಗ ಅದಾವ.”